ಎರೆನೆಲದ ಅಂಗಳಕ್ಕೆ ಅಗ್ಗದ ಕಾಂಕ್ರೀಟು

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಊರುಗಳಲ್ಲಿ ಮನೆಯ ಅಂಗಳಕ್ಕೆ ಕಾಂಕ್ರೀಟು ಹಾಕಿಸುವ ಉತ್ಸಾಹ ಹುಟ್ಟುತ್ತದೆ. ಮಳೆಗಾಲದಲ್ಲಿ ಮನೆಯೊಳಗೆ ಕೆಸರು ಬರಬಾರದು, ಟ್ರ್ಯಾಕ್ಟರ್ ನಿಲ್ಲಿಸಲು ಜಾಗ ಬೇಕು, ಕಾಳುಕಡಿ ಒಣಗಿಸಲು ಹಸನಾದ ನೆಲ ಬೇಕು. ಆಸೆ ನ್ಯಾಯವಾದದ್ದೇ. ತೊಡಕು ಶುರುವಾಗುವುದು ಗೌಂಡಿಯನ್ನು ಆರಿಸುವಾಗ. ಮೂವರು ದರ ಹೇಳಿದರೆ ಎಲ್ಲರಿಗಿಂತ ಕಡಿಮೆ ಹೇಳಿದವನಿಗೇ ಕೆಲಸ. ಎರಡು ದಿನದಲ್ಲಿ ಅಂಗಳ ಕನ್ನಡಿಯಂತಾಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಡುವೆ ಬಿರುಕು, ಅಂಚಿನಲ್ಲಿ ಉಬ್ಬು, ಗೋಡೆಯ ಬುಡದಲ್ಲಿ ನೀರು. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ತಂದಂತೆ!

ಮಣ್ಣಿನ ಮರ್ಮ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಇದರ ಕಣಗಳು ಹಾಳೆಯ ಮೇಲೆ ಹಾಳೆ ಪೇರಿಸಿದಂತೆ ಇರುತ್ತವೆ. ನೀರು ಆ ಹಾಳೆಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು, ಮಳೆ ಬಿದ್ದೊಡನೆ ಅದೇ ಬಿರುಕು ಮುಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಅಂಗಳದ ಅಂಚು ಮೊದಲು ನೆನೆದು ಮೊದಲು ಒಣಗುತ್ತದೆ, ನಡುವಿನ ಮಣ್ಣು ತಡವಾಗಿ. ಕೆಳಗಿನ ನೆಲ ಹೀಗೆ ಒಂದೊಂದು ಕಡೆ ಒಂದೊಂದು ರೀತಿ ಏರಿಳಿದರೆ ಮೇಲಿನ ಗಟ್ಟಿ ಹಲಗೆ ಬಿರಿಯದೆ ಏನು ಮಾಡೀತು? ಕಲಘಟಗಿ ಕಡೆಯ ಮಸಾರಿ ನೆಲಕ್ಕೆ ಈ ಕಾಟ ಕಡಿಮೆ. ಮಸಾರಿಯಲ್ಲಿ ನಡೆದ ಪದ್ಧತಿಯನ್ನೇ ಎರೆನೆಲಕ್ಕೂ ತಂದರೆ ಮೋಸ ಹೋದಂತೆ.

ಕಾಲುವೆ ಕಲಿಸಿದ ಪಾಠ

ಈ ಸಮಸ್ಯೆ ಅಂಗಳಕ್ಕಷ್ಟೇ ಸೀಮಿತವಲ್ಲ. ಎರೆನೆಲದಲ್ಲಿ ಸಾಗುವ ನೀರಾವರಿ ಕಾಲುವೆಗಳ ಕಾಂಕ್ರೀಟು ಹೊದಿಕೆಯೂ ಉಬ್ಬಿ ಒಡೆಯುತ್ತಿತ್ತು. ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಅವರು 1970ರ ದಶಕದಲ್ಲಿ ಇದಕ್ಕೊಂದು ಉಪಾಯ ತೋರಿಸಿದರು. ಎರೆಮಣ್ಣಿಗೂ ಕಾಂಕ್ರೀಟಿಗೂ ನಡುವೆ, ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಸುಮಾರು ಒಂದು ಮೀಟರ್ ದಪ್ಪದ ಪದರ ಹಾಕುವುದು. ಮಲಪ್ರಭಾ ಕಾಲುವೆಯಲ್ಲೂ ಈ ವಿಧಾನ ಬಳಕೆಯಾಯಿತು. ಮುಂದೆ ಭಾರತೀಯ ಮಾನಕ 9451ರಲ್ಲೂ ಅದು ಸೇರಿತು.

ಅಂಗಳಕ್ಕೆ ಅಷ್ಟು ಆಳ ಬೇಡ. ಆದರೆ ಮೇಲಿನ ಎರೆಮಣ್ಣನ್ನು ಒಂದೂವರೆ-ಎರಡು ಅಡಿಯಾದರೂ ತೆಗೆದು, ಒಳ್ಳೆಯ ಗರಸು ತುಂಬಿ, ಆರಾರು ಇಂಚಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಯಬೇಕು. ಕಡಿಮೆ ದರದವನು ಮೊದಲು ಕೈಬಿಡುವುದು ಇದನ್ನೇ, ಏಕೆಂದರೆ ಮುಗಿದ ಮೇಲೆ ಕಾಣದ ಕೆಲಸ ಇದು. ಕೆಲವರು ಗರಸಿನ ಬದಲು ಬರಿ ಉಸುಕನ್ನೋ ಹಳೆ ಇಟ್ಟಿಗೆ ಚೂರನ್ನೋ ಸುರಿಯುತ್ತಾರೆ. ಅದು ಇನ್ನೂ ಕೇಡು. ಉಸುಕಿನೊಳಗೆ ಇಳಿದ ನೀರು ಬಟ್ಟಲಲ್ಲಿ ನಿಂತಂತೆ ನಿಂತು, ಕೆಳಗಿನ ಎರೆಗೆ ನಿಧಾನವಾಗಿ ಉಣ್ಣಿಸುತ್ತದೆ.

ಚೀಲದ ಲೆಕ್ಕ

ಇನ್ನು ಸಿಮೆಂಟಿನ ಮಾತು. 20 ಅಡಿ ಉದ್ದ, 15 ಅಡಿ ಅಗಲದ ಅಂಗಳಕ್ಕೆ ನಾಲ್ಕು ಇಂಚು ದಪ್ಪ ಹಾಕಿದರೆ 100 ಘನ ಅಡಿ ಕಾಂಕ್ರೀಟು ಬೇಕು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಉಸುಕು, ಮೂರು ಪಾಲು ಕಡಿಯ ಮಿಶ್ರಣವಾದರೆ ಸುಮಾರು 23 ಚೀಲ ಸಿಮೆಂಟು. ದಪ್ಪವನ್ನು ಮೂರು ಇಂಚಿಗಿಳಿಸಿ, ಮಿಶ್ರಣವನ್ನು 1:2:4 ಮಾಡಿದರೆ 14 ಚೀಲದೊಳಗೆ ಕೆಲಸ ಮುಗಿಯುತ್ತದೆ. ದರ ಇಳಿದದ್ದು ಎಲ್ಲಿಂದ ಎಂಬುದು ಈಗ ತಿಳಿಯಿತಲ್ಲ! ಟ್ರ್ಯಾಕ್ಟರ್ ಬಂದು ನಿಲ್ಲುವ ಜಾಗಕ್ಕಂತೂ ಆರು ಇಂಚು ಬೇಕು.

ನೀರಿನದೂ ಲೆಕ್ಕವಿದೆ. ಇಂಥ ಮಿಶ್ರಣಕ್ಕೆ 50 ಕಿಲೋ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದೆಂದು ಭಾರತೀಯ ಮಾನಕ 456 ಹೇಳುತ್ತದೆ. ಕಲಸಲು ಹಗುರವಾಗಲೆಂದು ಕೊಡಗಟ್ಟಲೆ ನೀರು ಸುರಿದರೆ, ಆ ಹೆಚ್ಚಿನ ನೀರು ಆರಿಹೋದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿದು ಕಾಂಕ್ರೀಟು ಬಲ ಕಳೆದುಕೊಳ್ಳುತ್ತದೆ. ಕಲಸುವಾಗ ಕಡಿಮೆ, ಹಾಕಿದ ಮೇಲೆ ಧಾರಾಳ ಎಂಬುದೇ ಸೂತ್ರ. ಒಣ ಬಿಸಿಲಿನಲ್ಲಿ ಹತ್ತು ದಿನವಾದರೂ ತೋಯ್ದ ಗೋಣಿಚೀಲ ಹೊದಿಸಿ ನೀರುಣಿಸಬೇಕು. ಕೂಲಿ ಎಣಿಸಿಕೊಂಡು ಮುಂದಿನ ಊರಿಗೆ ಹೋದವನು ಇದಕ್ಕಾಗಿ ತಿರುಗಿ ಬರುವುದಿಲ್ಲ.

ಎಂಟು-ಹತ್ತು ಅಡಿಗೊಂದು ಸಂದು ಬಿಡಬೇಕು. ಗೋಡೆಗೂ ಹಲಗೆಗೂ ನಡುವೆ ಸೀಳು ಬಿಟ್ಟು ಅದಕ್ಕೆ ಡಾಂಬರು ತುಂಬಬೇಕು. ಹತ್ತು ಅಡಿಗೆ ಎರಡು ಇಂಚಿನಂತೆ ಹೊರಕ್ಕೆ ಇಳಿಜಾರು ಕೊಡಬೇಕು. ಇಳಿಜಾರು ಮನೆಯ ಕಡೆಗಾದರೆ ನೀರು ಬುನಾದಿಗೇ ಇಳಿದು, ಅಂಗಳದ ಉಳಿತಾಯ ಗೋಡೆಯನ್ನು ನುಂಗುತ್ತದೆ. ಇಷ್ಟಕ್ಕೆಲ್ಲ ಹಣ ಸಾಲದಿದ್ದರೆ ಬಡಿದ ಗರಸಿನ ಮೇಲೆ ಶಹಾಬಾದ್ ಫರಸಿ ಹಾಸುವುದು ಮೇಲು. ನೆಲ ಅಲುಗಿದರೂ ಕಲ್ಲು ಎತ್ತಿ ಮತ್ತೆ ಕೂಡಿಸಬಹುದು.

ಕರಾರು ಕಾಗದದಲ್ಲಿರಲಿ

ತಪ್ಪೆಲ್ಲ ಗೌಂಡಿಯದೇ ಎನ್ನಲಾಗದು. ಚೌಕಾಸಿ ಮಾಡಿ ಮಾಡಿ ದರ ಮುರಿದವರಿಗೂ ಅದರಲ್ಲಿ ಪಾಲಿದೆ. ಸರಿಯಾದ ದರ ಹೇಳಿದ ಊರಿನ ನುರಿತ ಗೌಂಡಿ ಕೆಲಸವಿಲ್ಲದೆ ಕೂರುವುದೂ ಇದರಿಂದಲೇ.

ಆಳ, ದಪ್ಪ, ಮಿಶ್ರಣ, ನೀರುಣಿಸುವ ಹೊಣೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಪಡೆಯಬೇಕು. ಹಣವನ್ನು ಕಂತಿನಲ್ಲಿ ಕೊಟ್ಟು ರಸೀದಿ ಇಟ್ಟುಕೊಳ್ಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದಾದರೂ, ಬಾಯಿಮಾತಿನ ಒಪ್ಪಂದವನ್ನು ಅಲ್ಲಿ ರುಜುವಾತು ಮಾಡುವುದು ಕಷ್ಟ. ಎಲ್ಲಕ್ಕಿಂತ ಮೊದಲು, ದರ ಕೇಳುವ ಮುಂಚೆ, ಅದೇ ಗೌಂಡಿ ಎರೆನೆಲದಲ್ಲಿ ಮಾಡಿದ, ಎರಡು ಮಳೆಗಾಲ ಕಂಡ ಅಂಗಳವೊಂದನ್ನು ನೋಡಿ ಬರಬೇಕು. ಅವನು ಹೇಳುವುದಕ್ಕಿಂತ ಹೆಚ್ಚನ್ನು ಆ ಅಂಗಳವೇ ಹೇಳುತ್ತದೆ.