ಕತ್ತರಿ ಹಾಕುವ ಮೊದಲು ಅದು ಯಾರ ಸ್ವರ ಎಂದು ಕೇಳಿ

ಮೊಬೈಲ್ ಮತ್ತು ಒಂದು ಇಯರ್‌ಫೋನ್ ಇದ್ದರೆ ಸಾಕು, ಈಗ ಮಕ್ಕಳು ಮನೆಯ ಕೋಣೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತಾರೆ. ಮೀಲಾದ್ ಬಂದರೆ ಮದ್‌ಹ್ ಹಾಡು, ಮದುವೆ ಬಂದರೆ ಮದುಮಗನ ಹೆಸರು ಸೇರಿಸಿದ ಬ್ಯಾರಿ ಹಾಡು. ಸ್ವಲ್ಪ ಮುಂದೆ ಹೋದವರು ಬೇರೆ ರೆಕಾರ್ಡಿಂಗ್‌ಗಳಿಂದ ತುಂಡು ಕತ್ತರಿಸಿ ತಮ್ಮ ಹಾಡಿಗೆ ಅಂಟಿಸುತ್ತಾರೆ. ಇದಕ್ಕೆ ಸ್ಯಾಂಪಲ್ ಎಂದು ಹೆಸರು. ಕೆಲವರು ಆ ತುಂಡುಗಳನ್ನು ‘ಹೇಗೆ ಬರುತ್ತದೋ ಬರಲಿ’ ಅಂತ ಕಲಸಿಯೂ ನೋಡುತ್ತಾರೆ. ‘ಇದೆಂಥ ಹುಚ್ಚು ಮಾರಾಯ್ರೆ’ ಎನ್ನುವ ಹಿರಿಯರಿದ್ದಾರೆ. ಆದರೆ ಈ ಕೆಲಸಕ್ಕೆ ಎಂಬತ್ತು ವರ್ಷದ ಚರಿತ್ರೆ ಉಂಟು.

1944ರಲ್ಲಿ ಈಜಿಪ್ಟಿನ ಕೈರೋದಲ್ಲಿ ಹಲೀಂ ಅಲ್-ದಬ್ ಎಂಬ ಯುವಕ ರೇಡಿಯೋ ಕೇಂದ್ರದಿಂದ ಒಂದು ವೈರ್ ರೆಕಾರ್ಡರ್ ಎರವಲು ಪಡೆದ. ಸ್ವರವನ್ನು ತಂತಿಯ ಮೇಲೆ ಹಿಡಿದಿಡುವ ಭಾರದ ಯಂತ್ರ ಅದು. ‘ಝಾರ್’ ಎಂಬ ಹೆಂಗಸರ ಆಚರಣೆಯ ಹಾಡನ್ನು ಅದರಲ್ಲಿ ಹಿಡಿದು, ಕೇಂದ್ರಕ್ಕೆ ತಂದು, ಪ್ರತಿಧ್ವನಿ ಬಳಸಿ, ಮೂಲ ಸ್ವರ ತೆಗೆದು, ಹಾಡಿದವರ ಧ್ವನಿ ಗುರುತು ಸಿಗದಂತೆ ಮಾಡಿದ. ಪ್ಯಾರಿಸ್‌ನಲ್ಲಿ ಪಿಯರ್ ಶಫರ್ ರೈಲಿನ ಶಬ್ದದಿಂದ ಸಂಗೀತ ಕಟ್ಟಿದ್ದು ಅದಾಗಿ ನಾಲ್ಕು ವರ್ಷಕ್ಕೆ, 1948ರಲ್ಲಿ.

ಅಮೆರಿಕದ ಜಾನ್ ಕೇಜ್ 1952ರಲ್ಲಿ ಇನ್ನೊಂದು ದಾರಿ ಹಿಡಿದ. ಪೇಟೆಯ ಗದ್ದಲ, ಗಾಳಿ, ಹಾಡು ಹೀಗೆ ನೂರಾರು ಶಬ್ದಗಳ ಟೇಪ್ ಗುಡ್ಡೆ ಹಾಕಿ, ಯಾವ ತುಂಡು ಎಲ್ಲಿಗೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದ. ತಿಂಗಳುಗಟ್ಟಲೆ ಕತ್ತರಿಸಿ ಅಂಟಿಸಿ ಸಿಕ್ಕಿದ್ದು ನಾಲ್ಕು ನಿಮಿಷ ಚಿಲ್ಲರೆಯ ಕೃತಿ! ಇಂದು ಅದನ್ನು ಮನೆಯಲ್ಲಿ ಒಂದು ಸಂಜೆಯಲ್ಲಿ ಮಾಡಬಹುದು. ಹಂಚಿನ ಮೇಲಿನ ಮಳೆ, ತೆಂಗಿನಕಾಯಿ ತುರಿಯುವ ಶಬ್ದ, ದಫ್‌ನ ಎರಡು ಪೆಟ್ಟು ರೆಕಾರ್ಡ್ ಮಾಡಿ ನಂಬರ್ ಕೊಡಿ. ಚೀಟಿ ಎತ್ತಿದ ಕ್ರಮದಲ್ಲಿ ಜೋಡಿಸಿ ಕೇಳಿ. ನಾವು ಯೋಚಿಸದ ತಾಳ ಒಂದೆರಡಾದರೂ ಸಿಗುತ್ತದೆ.

ಚೀಟಿ ಎಂದ ಕೂಡಲೇ ‘ಇದು ಫಾಲ್ ನೋಡಿದ ಹಾಗಲ್ಲವೇ ಉಸ್ತಾದ್’ ಎಂದು ಕೇಳುವವರಿದ್ದಾರೆ. ಭವಿಷ್ಯ ಕೇಳುವ ಬಾಣಗಳನ್ನು ಇಸ್ಲಾಂ ನಿಷೇಧಿಸಿದೆ, ಜೂಜನ್ನೂ. ಪಕ್ಷಪಾತ ಬರಬಾರದೆಂದು ಚೀಟಿ ಎತ್ತುವುದು ಬೇರೆ. ಪ್ರವಾದಿಯವರು (ಸ) ಪ್ರಯಾಣ ಹೊರಡುವಾಗ ಜೊತೆಗೆ ಯಾವ ಪತ್ನಿ ಬರಬೇಕೆಂದು ಖುರ್‌ಅ ಹಾಕುತ್ತಿದ್ದರು. ಮಳೆಯ ಶಬ್ದ ಮೊದಲೋ ದಫ್ ಮೊದಲೋ ಎಂಬುದರಲ್ಲಿ ಭವಿಷ್ಯವೂ ಇಲ್ಲ, ಪಣವೂ ಇಲ್ಲ.

ನನ್ನ ಚಿಂತೆ ಏನಿದ್ದರೂ ಆ ತುಂಡಿನೊಳಗೆ ಏನಿದೆ ಎಂಬುದು. 1981ರಲ್ಲಿ ಬ್ರಿಯಾನ್ ಈನೋ ಮತ್ತು ಡೇವಿಡ್ ಬರ್ನ್ ಹೊರತಂದ ಒಂದು ಆಲ್ಬಮ್‌ನಲ್ಲಿ ಅಲ್ಜೀರಿಯಾದ ಮುಸ್ಲಿಮರ ಕುರ್‌ಆನ್ ಪಾರಾಯಣವನ್ನು ತಾಳಕ್ಕೆ ಕೂರಿಸಿದ್ದರು. ಬ್ರಿಟನ್‌ನ ಮುಸ್ಲಿಮರಿಂದ ಆಕ್ಷೇಪ ಬಂತು. ನಂತರದ ಮುದ್ರಣಗಳಲ್ಲಿ ಆ ಹಾಡನ್ನು ತೆಗೆದರು. 2006ರ ಮರುಬಿಡುಗಡೆಯಲ್ಲೂ ಸೇರಿಸಲಿಲ್ಲ. ಅವರು ಹಟ ಹಿಡಿಯಲಿಲ್ಲ ಎಂಬುದನ್ನು ಮೆಚ್ಚಬೇಕು.

ಮದ್ರಸದಲ್ಲಿ ತಜ್ವೀದ್ ಕಲಿತ ಮಕ್ಕಳಿಗೆ ಇದರ ಗಂಭೀರತೆ ಬೇಗ ತಿಳಿಯುತ್ತದೆ. ವಖ್ಫ್, ಅಂದರೆ ಎಲ್ಲಿ ನಿಲ್ಲಿಸಬೇಕು ಎಂಬುದು, ನಮ್ಮಲ್ಲಿ ಒಂದು ಪಾಠವೇ. ಸೂರಃ ಮಾಊನ್‌ನ ನಾಲ್ಕನೇ ಆಯತ್‌ಗೇ ಓದು ಮುಗಿಸಿಬಿಟ್ಟರೆ ನಮಾಝ್ ಮಾಡುವವರೆಲ್ಲರಿಗೂ ಶಾಪ ಎಂಬಂತೆ ಕೇಳುತ್ತದೆ. ನಮಾಝಿನ ಬಗ್ಗೆ ಅಸಡ್ಡೆ ಮಾಡುವವರಿಗೆ ಆ ಎಚ್ಚರಿಕೆ ಎಂಬುದು ಐದನೇ ಆಯತ್‌ನಲ್ಲಿ ಬರುತ್ತದೆ. ಚೀಟಿ ಎತ್ತಿ ಕತ್ತರಿಸುವವನ ಕೈಯಲ್ಲಿ ಈ ಐದನೆಯದು ಉಳಿಯುತ್ತದೆ ಎಂದು ಯಾರು ಹೇಳಬಲ್ಲರು? ಪಾರಾಯಣ ಮತ್ತು ಅಝಾನ್ ಸ್ಯಾಂಪಲ್‌ಗೆ ಇರುವುದಲ್ಲ.

ಇನ್ನೊಂದು, ನಮ್ಮ ಮನೆಗಳದ್ದೇ ವಿಷಯ. ಮೆಹಂದಿಯ ರಾತ್ರಿ ಒಳಕೋಣೆಯಲ್ಲಿ ಹೆಂಗಸರು ಹಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿಯುತ್ತಾರೆ. ಅಜ್ಜಿಯ ಹಳೆಯ ಹಾಡು ಎಂಬ ಪ್ರೀತಿಯಿಂದಲೇ ಇರಬಹುದು. ಆದರೆ ಅವರು ಹಾಡಿದ್ದು ಆ ಕೋಣೆಗೆ, ಊರಿಡೀ ಕೇಳಲಿ ಎಂದಲ್ಲ. ಅಜ್ಜಿಯನ್ನು ಕೂರಿಸಿ, ಮಾಡಿದ ಹಾಡನ್ನು ಇಡೀ ಕೇಳಿಸಿ, ಎಲ್ಲೆಲ್ಲಿಗೆ ಕಳುಹಿಸುತ್ತೀರಿ ಎಂಬುದನ್ನೂ ಹೇಳಿ ಒಪ್ಪಿಗೆ ಪಡೆಯಿರಿ. ಕೆಲವರು ಖುಷಿಯಿಂದ ‘ಇನ್ನೂ ಎರಡು ಹಾಡು ಉಂಟು, ತಗೋ’ ಎನ್ನುತ್ತಾರೆ. ‘ಬೇಡ ಮಗಾ’ ಎಂದರೆ ಫೈಲ್ ಅಲ್ಲೇ ಅಳಿಸಬೇಕು, ವಾಟ್ಸ್‌ಆ್ಯಪ್ ಗ್ರೂಪಿಗೆ ಹೋದ ಮೇಲೆ ಅದನ್ನು ಹಿಂದೆ ತರಲು ಯಾರಿಂದಲೂ ಆಗುವುದಿಲ್ಲ.