ಮೈಗೆ ಸುದ್ದಿ ಮುಟ್ಟುವ ಮೊದಲು

ದಡಾರ, ಪೋಲಿಯೊ ಲಸಿಕೆಗಳನ್ನು ರೋಗಾಣು ಮೈಸೇರುವ ಮೊದಲೇ ಹಾಕಿಸುತ್ತೇವೆ. ರೇಬಿಸ್ ಲಸಿಕೆಯನ್ನು ಹೆಚ್ಚಿನವರು ಪಡೆಯುವುದು ನಾಯಿ ಕಚ್ಚಿದ ಮೇಲೆ. ವೈರಸ್ ಒಳಹೊಕ್ಕ ಮೇಲೂ ಅದು ಕೆಲಸ ಮಾಡುವುದಕ್ಕೆ ಕಾರಣ ಆ ವೈರಸ್ಸಿನ ನಡಿಗೆ. ಅದು ರಕ್ತದಲ್ಲಿ ಹರಡುವಂಥದ್ದಲ್ಲ. ಗಾಯದ ಸ್ನಾಯುವಿನಿಂದ ನರಕ್ಕೆ ನುಸುಳಿ, ನರದ ಜಾಡು ಹಿಡಿದೇ ಮೆದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ 1ರಿಂದ 3 ತಿಂಗಳು ಹಿಡಿಯುತ್ತದೆ. ಮುಖಕ್ಕೋ ಕುತ್ತಿಗೆಗೋ ಕಚ್ಚಿದ್ದರೆ ಇನ್ನೂ ಬೇಗ. ಅಷ್ಟು ದಿನವೂ ಅದು ಸ್ನಾಯು, ನರಗಳ ಮರೆಯಲ್ಲಿರುವುದರಿಂದ ದೇಹದ ಕಾವಲಿಗೆ ಸುಳಿವು ಸಿಗುವುದು ಕಷ್ಟ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ತೀರ ವಿರಳ. ‘ನನ್ನದು ಗಟ್ಟಿ ಮೈ, ಏನೂ ಆಗದು’ ಎನ್ನುವವರು ಇದನ್ನು ಯೋಚಿಸಬೇಕು. ಇಲ್ಲಿ ಕೊರತೆ ಶಕ್ತಿಯದ್ದಲ್ಲ; ಮೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಲಸಿಕೆ ಮಾಡುವುದು ಆ ಸುದ್ದಿ ಮುಟ್ಟಿಸುವ ಕೆಲಸ. ಅದರಲ್ಲಿರುವ ಸತ್ತ ವೈರಸ್ಸನ್ನು ಗುರುತು ಹಿಡಿದ ದೇಹ ತಾನೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಲೂಯಿ ಪಾಶ್ಚರ್ 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ್ದ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಆರಂಭಿಸಿದಾಗ ನಂಬಿದ್ದು ವೈರಸ್ ಮೆದುಳು ಮುಟ್ಟುವ ಮೊದಲಿನ ಈ ಬಿಡುವನ್ನೇ. ಆದರೆ ಪ್ರತಿಕಾಯ ತಯಾರಾಗಲು 7ರಿಂದ 10 ದಿನ ಬೇಕು. ಆಳವಾದ ಗಾಯದಲ್ಲಿ ಅಷ್ಟು ಕಾಯುವುದು ಅಪಾಯ. ಹಾಗಾಗಿ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲೋಬ್ಯುಲಿನ್ ಅನ್ನು ಗಾಯದೊಳಕ್ಕೇ ಚುಚ್ಚುತ್ತಾರೆ. ಇದಕ್ಕೂ ಮೊದಲು ನಲ್ಲಿ ನೀರು, ಸೋಪು, 15 ನಿಮಿಷ: ವೈರಸ್ಸಿನ ಮೇಲಿನ ಕೊಬ್ಬಿನ ಪದರವನ್ನು ಸೋಪು ಒಡೆಯುತ್ತದೆ. ಗಾಯಕ್ಕೆ ಸುಣ್ಣ, ಖಾರದಪುಡಿ ಮೆತ್ತಿದರೆ ಉರಿ ಹೆಚ್ಚುತ್ತದೆ, ಅಮೂಲ್ಯವಾದ ಹೊತ್ತೂ ಕಳೆಯುತ್ತದೆ.

ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಬುಡವಿಲ್ಲದ ಭಯವೇನಲ್ಲ. ಹಿಮಾಚಲದ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಹೀಗೆ ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಲಸಿಕೆಯನ್ನು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದರು. ಅದರಲ್ಲಿದ್ದ ನರದ ಅಂಶವನ್ನು ಕಂಡು ಕೆಲವರ ಮೈ ತನ್ನದೇ ನರಗಳ ಮೇಲೆ ತಿರುಗಿಬೀಳುತ್ತಿತ್ತು. ತಪ್ಪು ಸುದ್ದಿ ಮುಟ್ಟಿದರೆ ಹೀಗೂ ಆಗುತ್ತದೆ. ಭಾರತದಲ್ಲಿ 2004ರ ಕೊನೆಗೆ ಆ ಲಸಿಕೆ ನಿಂತಿತು. ಈಗ ತೋಳಿಗೆ ಹಾಕುವ ಶುದ್ಧ ಲಸಿಕೆ, ನಾಲ್ಕೈದು ಬಾರಿಯಷ್ಟೇ. ಲಸಿಕೆ ಹಾಕಿಸಿಕೊಂಡೂ ಸತ್ತವರಿದ್ದಾರಲ್ಲ ಎನ್ನಬಹುದು. ಇದ್ದಾರೆ. ಅಂಥ ಸಾವುಗಳ ಹಿಂದೆ ಸಾಮಾನ್ಯವಾಗಿ ಕಾಣುವುದು ತಡವಾಗಿ ಬಂದದ್ದು, ಗಾಯ ತೊಳೆಯದ್ದು, ಇಮ್ಯುನೊಗ್ಲೋಬ್ಯುಲಿನ್ ಸಿಗದಿದ್ದದ್ದು, ನಡುವೆ ಡೋಸ್ ಬಿಟ್ಟದ್ದು. ಮೊದಲ ಎರಡನ್ನೂ ಕೊನೆಯದನ್ನೂ ಮನೆಯವರು ತಡೆಯಬಹುದು. ಇಮ್ಯುನೊಗ್ಲೋಬ್ಯುಲಿನ್ ಸಿಗುವಂತೆ ಮಾಡಬೇಕಾದದ್ದು ಸರ್ಕಾರ. ಅದು ಜಿಲ್ಲಾಸ್ಪತ್ರೆಗಷ್ಟೇ ಸೀಮಿತವಾದರೆ ದೂರದ ಹಳ್ಳಿಯ ಮಗು ಬಸ್ಸಿನಲ್ಲಿ ಕಳೆಯುವ ಹೊತ್ತೂ ವೈರಸ್ಸಿನ ಪಾಲಿಗೇ ಹೋಗುತ್ತದೆ.