ಹೆಸರು ಹಾಜರಿ ಪುಸ್ತಕದಲ್ಲಿ, ಮಗು ಎಲ್ಲಿ?



ಶಾಲೆಗೆ ಸೇರುವುದು ಬೇರೆ, ಶಾಲೆಗೆ ಹೋಗುವುದು ಬೇರೆ. ಜೂನ್ ತಿಂಗಳಲ್ಲಿ ಹೆಸರು ಬರೆಸಿದ ಮಗು ವರ್ಷದ ಕೊನೆಯವರೆಗೆ ಎಷ್ಟು ದಿನ ತರಗತಿಯಲ್ಲಿ ಕುಳಿತಿತ್ತು ಎಂದು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಪ್ರಾಥಮಿಕ ಶಾಲೆಯ ಮಗುವಿನ ಭವಿಷ್ಯ ನಿರ್ಧಾರವಾಗುವುದು ಮಾತ್ರ ಈ ಎರಡನೆಯ ಲೆಕ್ಕದಲ್ಲಿ.

ದಾವಣಗೆರೆ ವಿದ್ಯಾಕೇಂದ್ರವೆಂದು ಹೆಸರಾದ ನಗರ. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇಲ್ಲಿ ಆರಂಭವಾದವು. ದೂರದ ಊರುಗಳ ಯುವಕ ಯುವತಿಯರು ಓದಲು ಇಲ್ಲಿಗೆ ಬರುತ್ತಾರೆ. ಆದರೆ ವಿದ್ಯೆಯ ಮೆಟ್ಟಿಲು ಶುರುವಾಗುವುದು ಕಾಲೇಜಿನಲ್ಲಲ್ಲ, ಒಂದನೆಯ ತರಗತಿಯಲ್ಲಿ. ಆ ಕೆಳಗಿನ ಮೆಟ್ಟಿಲಲ್ಲೇ ಕಾಲು ಜಾರಿದ ಮಗು ನಿಮ್ಮ ಕಾಲೇಜಿನ ಬಾಗಿಲಿಗೆ ಬರುವುದು ಕಷ್ಟ.

ಒಂದು ಸಣ್ಣ ಲೆಕ್ಕ

ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಒಂದು ಮಗು ತಿಂಗಳಿಗೆ ಎರಡೇ ದಿನ ತಪ್ಪಿಸುತ್ತದೆ ಎನ್ನೋಣ. ಹತ್ತು ತಿಂಗಳಿಗೆ 20 ದಿನ, ಅಂದರೆ 80 ಗಂಟೆಯ ಪಾಠ ಹೋಯಿತು. ಐದು ವರ್ಷಕ್ಕೆ 100 ದಿನ, ಅರ್ಧ ವರ್ಷದ ಓದು! ವಾರಕ್ಕೊಂದು ದಿನ ತಪ್ಪಿಸುವ ಮಗುವಾದರೆ ಐದು ವರ್ಷದಲ್ಲಿ ಹೆಚ್ಚು ಕಡಿಮೆ ಒಂದು ಇಡೀ ವರ್ಷವನ್ನೇ ಕಳೆದುಕೊಂಡಂತೆ. ಹಾಜರಿ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ. ಆದ್ದರಿಂದ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಬಿಟ್ಟ ಪಾಠ ಮುಂದೆ ಕಾಡುತ್ತದೆ

ಕಾಲೇಜಿನಲ್ಲಿ ಒಂದು ಪಾಠ ತಪ್ಪಿದರೆ ನೀವು ಗೆಳೆಯರ ನೋಟ್ಸ್ ಪಡೆದು ಓದಿಕೊಳ್ಳುತ್ತೀರಿ. ಓದಲು ಬಾರದ ಮಗುವಿಗೆ ಆ ದಾರಿ ಇಲ್ಲ. ಒತ್ತಕ್ಷರ ಕಲಿಸಿದ ವಾರ ಮನೆಯಲ್ಲಿದ್ದ ಮಗು 'ಅಕ್ಕ' ಎಂಬುದನ್ನು 'ಅಕ' ಎಂದೇ ಓದುತ್ತದೆ. ಬಿಡಿ, ಹತ್ತು, ನೂರರ ಸ್ಥಾನಬೆಲೆ ತಿಳಿಯದಿದ್ದರೆ ದಶಕ ಕೂಡಿಸುವುದು ತಿಳಿಯದು. ಅದು ತಿಳಿಯದಿದ್ದರೆ ಗುಣಾಕಾರ, ಭಾಗಾಕಾರ ಎರಡೂ ಕೈಗೆ ಹತ್ತವು. ತಪ್ಪಿದ್ದು ನಾಲ್ಕು ದಿನವಾದರೂ ತೊಂದರೆ ನಾಲ್ಕು ವರ್ಷ ಇರುತ್ತದೆ. ಪಾಠ ಅರ್ಥವಾಗದ ಮಗು ಪ್ರಶ್ನೆಗೆ ಹೆದರುತ್ತದೆ. ಹೆದರಿದ ಮಗು ಮತ್ತೆ ತಪ್ಪಿಸುತ್ತದೆ. ಹೀಗೆ ಗೈರುಹಾಜರಿಯೇ ಗೈರುಹಾಜರಿಗೆ ಕಾರಣವಾಗುತ್ತದೆ. ಶಾಲೆ ಬಿಡುವುದು ಒಂದು ದಿನದ ತೀರ್ಮಾನವಲ್ಲ, ಇಂಥ ಅನೇಕ ದಿನಗಳ ಮೊತ್ತ.

ಈ ಕಷ್ಟವನ್ನು ಅರಿತು ರೂಪಿಸಿದ ಒಂದು ಕ್ರಮ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯಲ್ಲಿ ಮಕ್ಕಳು ಕಾರ್ಡುಗಳ ಮೂಲಕ ಕಲಿಕೆಯ ಏಣಿಯನ್ನು ತಮ್ಮ ವೇಗದಲ್ಲೇ ಹತ್ತುತ್ತಾರೆ. ಕೆಲವು ದಿನ ಬಾರದಿದ್ದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೂ ಏಣಿ ಹತ್ತಲು ಮಗು ಶಾಲೆಯಲ್ಲಿ ಇರಬೇಕಲ್ಲವೇ?

ಕಾರಣಗಳು ಮನೆಯಲ್ಲಿವೆ

ಮಕ್ಕಳು ಏಕೆ ತಪ್ಪಿಸುತ್ತಾರೆ? ಸೋಮಾರಿತನವೊಂದೇ ಕಾರಣವೆಂದರೆ ಅನ್ಯಾಯವಾದೀತು. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿತ್ತು. ಹರಿಹರದ ಹೆಸರು ಕಿರ್ಲೋಸ್ಕರ್ ಕಾರ್ಖಾನೆಯೊಂದಿಗೆ ಸೇರಿಕೊಂಡಿತ್ತು. ಗಿರಣಿಗಳು ಒಂದೊಂದಾಗಿ ನಿಂತವು, ಆ ಕಾರ್ಖಾನೆಯೂ ಮುಚ್ಚಿತು. ತಿಂಗಳ ಸಂಬಳ ಹೋಗಿ ದಿನಗೂಲಿ ಬಂದ ಮನೆಯಲ್ಲಿ ಮಗುವಿನ ಎರಡು ಕೈಗಳೂ ಲೆಕ್ಕಕ್ಕೆ ಬರುತ್ತವೆ. ಮಂಡಕ್ಕಿ ಭಟ್ಟಿಯ ಕಾದ ಮರಳು, ಹೊಗೆಯ ನಡುವೆ ದುಡಿಯುವ ತಾಯಿ ತಂದೆಯರಿಗೆ ಚಿಕ್ಕ ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಆ ಹೊಣೆ ಬಹುಮಟ್ಟಿಗೆ ಬೀಳುವುದು ಎಂಟೊಂಬತ್ತು ವರ್ಷದ ಹಿರಿಯ ಮಗಳ ಮೇಲೆ. ಇನ್ನು ನಾಟಿ, ಕೊಯ್ಲಿನ ಕಾಲದಲ್ಲಿ ಕೂಲಿಗೆ ವಲಸೆ ಹೋಗುವವರ ಮಕ್ಕಳು, ಜಾತ್ರೆ, ಮದುವೆ ಎಂದು ವಾರಗಟ್ಟಲೆ ನೆಂಟರೂರಿನಲ್ಲಿ ಉಳಿಯುವ ಮಕ್ಕಳು. ಮೊದಲಿನವರದು ಬಡತನ. ಕೊನೆಯದು ಮನೆಯವರು ಮನಸ್ಸು ಮಾಡಿದರೆ ತಪ್ಪಿಸಬಹುದಾದದ್ದು.

ಕಾಯಿದೆ ಏನು ಹೇಳುತ್ತದೆ?

ಇದು ಹೊಸ ಚಿಂತೆಯಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣಕ್ಕಾಗಿ ಕಾನೂನು ತಂದಿತ್ತು. 2002ರ ಸಂವಿಧಾನ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದಿತು. ಮಗುವನ್ನು ದಾಖಲು ಮಾಡುವುದಷ್ಟೇ ಅಲ್ಲ, ಅದು ಹಾಜರಾಗಿ ಶಿಕ್ಷಣ ಪೂರೈಸುವಂತೆ ನೋಡಿಕೊಳ್ಳುವುದೂ ಸರ್ಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. ಮಗುವಿನ ಹಾಜರಿಯ ವಿಷಯವನ್ನು ಶಿಕ್ಷಕರು ಪೋಷಕರಿಗೆ ತಿಳಿಸಬೇಕು. ನಡುವೆ ಶಾಲೆ ಬಿಟ್ಟ ಮಗು ಮರಳಿ ಬಂದರೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಮನೆಯವರ ಕಸುಬಿಗೆ ನೆರವಾಗುವುದಾದರೂ ಅದು ಅಪಾಯದ ಕೆಲಸವಾಗಿರಬಾರದು, ಶಾಲೆಯ ವೇಳೆಯಲ್ಲೂ ಆಗಬಾರದು.

ಕಾನೂನಿನ ಜೊತೆಗೆ ಅನ್ನವೂ ಮಕ್ಕಳನ್ನು ಶಾಲೆಗೆ ಕರೆದಿದೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯ ಇದಕ್ಕೆ ನಿದರ್ಶನ. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲ ಎಂಬುದು ತಾಯಂದಿರಿಗೆ ಹೇಳಿಕೊಡಬೇಕಾದ ಮಾತಲ್ಲ.

ಶಾಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಕೋವಿಡ್ ಕಾರಣದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಬಳಿಕ ಹಿಂದಿನ ಪಾಠಗಳನ್ನು ಮತ್ತೆ ಕಲಿಸಲು 2022-23ರಲ್ಲಿ 'ಕಲಿಕಾ ಚೇತರಿಕೆ' ಕಾರ್ಯಕ್ರಮವನ್ನೇ ನಡೆಸಬೇಕಾಯಿತು. ಆಗ ಎಲ್ಲ ಮಕ್ಕಳೂ ಒಟ್ಟಿಗೆ ಹಿಂದುಳಿದಿದ್ದರು, ಎಲ್ಲರಿಗೂ ನೆರವು ಬಂತು. ಒಬ್ಬಂಟಿಯಾಗಿ ಹಿಂದುಳಿಯುವ ಮಗುವಿಗೆ ಅಂಥ ಕಾರ್ಯಕ್ರಮವನ್ನು ಯಾರು ನಡೆಸಬೇಕು?

ನೀವೇನು ಮಾಡಬಹುದು?

ಇಲ್ಲಿ ನಿಮ್ಮ ಪಾತ್ರವಿದೆ. ನಿಮ್ಮ ಮನೆಯ, ಓಣಿಯ ಚಿಕ್ಕವರು ಇಂದು ಶಾಲೆಗೆ ಹೋದರೇ ಎಂದು ವಿಚಾರಿಸಿ. ಎರಡು ದಿನ ತಪ್ಪಿಸಿದ ಮಗುವನ್ನು ಸಂಜೆ ಕೂರಿಸಿಕೊಂಡು ಬಿಟ್ಟ ಪಾಠ ಹೇಳಿಕೊಡಿ. ಮರುದಿನ ಅದು ಹೆದರದೆ ಶಾಲೆಗೆ ಹೋಗುತ್ತದೆ. ಕೂಸು ನೋಡಿಕೊಳ್ಳಲು ಮನೆಯಲ್ಲುಳಿದ ಹುಡುಗಿ ಇದ್ದರೆ ಅವಳ ತಾಯಿಗೆ ಅಂಗನವಾಡಿಯ ದಾರಿ ತೋರಿಸಿ. ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿರುವ ಪೋಷಕರಿಗೆ ವಿಷಯ ಮುಟ್ಟಿಸಿ. ಮಗು ದುಡಿಮೆಗೆ ಸಿಕ್ಕಿಕೊಂಡಿದ್ದರೆ 1098ಕ್ಕೆ ಉಚಿತವಾಗಿ ಕರೆ ಮಾಡಿ.

ಹನಿ ಹನಿಗೂಡಿದರೆ ಹಳ್ಳ ಎನ್ನುತ್ತಾರೆ. ವಿದ್ಯೆಯೂ ಹಾಗೆಯೇ, ದಿನ ದಿನ ಕೂಡಿದರೆ ಮಾತ್ರ. ನಾಳೆ ಬೆಳಿಗ್ಗೆ ನಿಮ್ಮ ಓಣಿಯಲ್ಲಿ ಶಾಲೆಯ ಚೀಲವಿಲ್ಲದೆ ನಿಂತ ಮಗುವನ್ನು ಕಂಡರೆ, "ಯಾಕಪ್ಪಾ, ಇವತ್ತು ಹೋಗಲಿಲ್ಲವೇ?" ಎಂದು ಒಂದು ಮಾತು ಕೇಳಿ.